ಅರೆತಲೆನೋವಿನ ಚರಿತ್ರೆ: ದೇವದುರ್ಗ, ಮಾನ್ವಿ, ರಾಯಚೂರು

ಭಾಗ 1/9

ಫೋಟೋದಾಗ ಇರೋದು ನಮ್ಮ ಅಜ್ಜಿಯ ಎಡ ಕಣತಲೆ. ಮುಖ ಹಾಕಬ್ಯಾಡ ಅಂದಳು, ಅದಕ್ಕ ಇಷ್ಟೇ ತೆಗೆದೀನಿ. ಜೋಳದ ಕಾಳಿನಷ್ಟು ಗುರುತು ಕಾಣ್ತದಲ್ಲ, ಅದು ಹುಟ್ಟುಮಚ್ಚೆ ಅಂತ ಸಣ್ಣಾಕಿದ್ದಾಗ ನಾನು ತಿಳ್ಕೊಂಡಿದ್ದೆ. ಹೋದ ವರ್ಷ ದೇವದುರ್ಗಕ್ಕ ಹೋದಾಗ ನನಗ ತಲಿನೋವು ಬಂತು. ಕತ್ತಲ ಕೋಣ್ಯಾಗ ಮಲಗಿದ್ದೆ, ವಾಂತಿ ಆಗಿತ್ತು. ಅಜ್ಜಿ ಬಂದು ಹಣೆ ಮುಟ್ಟಿ, "ನಿನಗೂ ಬಂತೇನು ಇದು?" ಅಂದಳು. ಆಮೇಲೆ ತನ್ನ ಕಣತಲೆ ತೋರಿಸಿದಳು. ಮದುವೆಯಾಗಿ ಬಂದ ಹೊಸದರಾಗ ಅರೆತಲೆನೋವು ಹೋಗಲಿ ಅಂತ ಬರೆ ಹಾಕಿಸಿದ್ದರಂತೆ.

"ಹೋಯ್ತಾ?" ಅಂತ ಕೇಳಿದೆ.

"ಎಲ್ಲಿ ಹೋಗ್ತದ" ಅಂದಳು.

ನಾನು ಇತಿಹಾಸದ ವಿದ್ಯಾರ್ಥಿನಿ. ರಾಜರ ಬಗ್ಗೆ, ಯುದ್ಧಗಳ ಬಗ್ಗೆ ಪರೀಕ್ಷೆಗೆ ಓದೀನಿ. ನಮ್ಮ ಮನೆಯಾಗ ಎರಡು ತಲೆಮಾರು ಕಾಡಿದ ಒಂದು ನೋವಿಗೂ ಇತಿಹಾಸ ಇರ್ತದ ಅಂತ ಅವತ್ತು ಅನ್ನಿಸಿತು. ಹುಡುಕಿದೆ, ಓದಿದೆ. ಒಂಬತ್ತು ಪೋಸ್ಟ್‌ನಾಗ ಬರೀತೀನಿ. ನಿಮಗೂ ಇದು ಇದ್ದರೆ ಪೂರ್ತಿ ಓದ್ರಿ. ಸ್ಕ್ರೀನ್ ಬೆಳಕು ಕಡಿಮೆ ಮಾಡ್ಕೊಂಡು ಓದ್ರಿ.

ಭಾಗ 2/9

ಫೋಟೋ: ನನ್ನ ನೋಟ್‌ಬುಕ್ಕಿನ ಒಂದು ಪುಟ. ಒಂದೇ ಬ್ಯಾನಿಯ ಐದು ಹೆಸರು.

ರಾಯಚೂರಿನಾಗ ಒಂದು ಓಣಿ ದಾಟೋದರೊಳಗ ಮೂರು ಭಾಷೆ ಕೇಳಿಸ್ತಾವ. ಕನ್ನಡದಾಗ ಇದು ಅರೆತಲೆನೋವು. ಉರ್ದು ಮಾತಾಡೋ ಗೆಳತಿಯ ಮನೆಯಾಗ ಆಧಾಸೀಸಿ. ತೆಲುಗಿನಾಗ ಪಾರ್ಶ್ವಪು ನೊಪ್ಪಿ, ಅಂದ್ರೆ ಒಂದು ಪಕ್ಕದ ನೋವು. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಅರ್ಧಾವಭೇದಕ, ಅರ್ಧವನ್ನು ಸೀಳುವಂಥದ್ದು. ಹಾಗಾದ್ರೆ ಮೈಗ್ರೇನ್ ಅಂದ್ರೆ? ಎರಡನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಬಳಸಿದ ಹೆಮಿಕ್ರೇನಿಯಾ ಅನ್ನೋ ಪದ ಸವೆದು ಸವೆದು ಫ್ರೆಂಚಿನಲ್ಲಿ ಮೈಗ್ರೇನ್ ಆಯ್ತು. ಅದರ ಅರ್ಥನೂ ಅರ್ಧ ತಲೆಬುರುಡೆ ಅಂತಲೇ.

ಒಬ್ಬರನ್ನೊಬ್ಬರು ನೋಡದ ಜನ ಒಂದೇ ಹೆಸರಿಟ್ಟಾರ. ಯಾಕಂದ್ರ ನೋವು ಹಂಗೇ ಬರ್ತದ. ಎಲ್ಲರಿಗೂ ಅರ್ಧಕ್ಕೇ ಬರಬೇಕಂತಿಲ್ಲ, ಕೆಲವರಿಗೆ ಪೂರ್ತಿ ತಲೆಗೂ ಬರ್ತದ.

ಸುಶ್ರುತ ಸಂಹಿತೆಯಲ್ಲಿ ಹನ್ನೊಂದು ಬಗೆಯ ಶಿರೋರೋಗ ಹೇಳ್ಯಾರ. ಅದರಾಗ ಅರ್ಧಾವಭೇದಕ ಹತ್ತು ದಿನಕ್ಕೋ ಹದಿನೈದು ದಿನಕ್ಕೋ ಒಮ್ಮೆ ಇದ್ದಕ್ಕಿದ್ದಂತೆ ಬರ್ತದ ಅಂತ ಅದ. ಇದನ್ನ ಓದಿದಾಗ ನನ್ನ ಡೈರಿಯನ್ನೇ ಯಾರೋ ಓದಿದಂಗ ಆಯ್ತು. ಸೂರ್ಯಾವರ್ತ ಅಂತ ಇನ್ನೊಂದು ಹೇಳ್ಯಾರ: ಬಿಸಿಲು ಏರಿದಂಗ ಏರಿ, ಇಳಿದಂಗ ಇಳಿಯೋ ನೋವು. ಏಪ್ರಿಲ್ ತಿಂಗಳ ರಾಯಚೂರು ನೋಡಿದವರಿಗೆ ಅದನ್ನ ಬಿಡಿಸಿ ಹೇಳೋದು ಬ್ಯಾಡ.

ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ಬರೆದದ್ದೂ ಇಂಥದ್ದೇ: ಈ ರೋಗಿಗೆ ಮಾತಿನ ಸದ್ದು, ದೀಪದ ಬೆಳಕು ತಡೆಯೋದಕ್ಕಾಗಲ್ಲ, ಕತ್ತಲಲ್ಲಿ ಒಬ್ಬನೇ ಮಲಗಬೇಕು ಅನಿಸ್ತದ. ಹಾಸ್ಟೆಲ್‌ನಾಗ ನಾನು ಲೈಟ್ ಆರಿಸ್ರಿ ಅಂದ್ರೆ ನಾಟಕ ಅಂತಿದ್ರು. ಸಾವಿರ ವರ್ಷದಿಂದ ಅದೇ ನಾಟಕ ನಡೆದದ ನೋಡ್ರಿ.

ಭಾಗ 3/9

ಫೋಟೋ: ಅಜ್ಜಿಯ ಮನೆಯ ಒಲೆ.

ಬರೆ ಹಾಕೋದು ಹಳ್ಳಿಯವರ ಅಜ್ಞಾನ ಅಂತ ನಾನೂ ಮೊದಲು ಸಿಟ್ಟಾಗಿದ್ದೆ. ಓದಿದ ಮೇಲೆ ಗೊತ್ತಾಯ್ತು, ಅದು ಒಂದು ಕಾಲದ ದೊಡ್ಡ ವೈದ್ಯರ ಚಿಕಿತ್ಸೆಯೇ ಆಗಿತ್ತು. ಸುಶ್ರುತ ಸಂಹಿತೆಯ ಅಗ್ನಿಕರ್ಮದ ಅಧ್ಯಾಯದಲ್ಲಿ ಶಿರೋರೋಗಕ್ಕೆ ಹುಬ್ಬು, ಹಣೆ, ಕಣತಲೆಯ ಮೇಲೆ ಸುಡಬೇಕು ಅಂತ ಹೇಳ್ಯಾರ. ಅಜ್ಜಿಗೆ ಬರೆ ಹಾಕಿದವರು ಆ ಪುಸ್ತಕ ಕಂಡಿರಲಿಕ್ಕಿಲ್ಲ. ಆದ್ರೆ ಜಾಗ ಅದೇ.

ನಮ್ಮ ಕಡೆ ಮಾತ್ರ ಅಲ್ಲ. ಸುಮಾರು ಕ್ರಿ.ಶ. 1000ದ ಹೊತ್ತಿಗೆ ಸ್ಪೇನಿನ ಕಾರ್ಡೋಬಾದಲ್ಲಿದ್ದ ಅಲ್ ಜಹ್ರಾವಿ ಅನ್ನೋ ಶಸ್ತ್ರವೈದ್ಯ ಅರೆತಲೆನೋವಿಗೆ ಕಾದ ಕಬ್ಬಿಣದ ಬರೆ ಬರೆದಾನ. ಅದೂ ಆಗದಿದ್ರೆ ಕಣತಲೆಯ ಚರ್ಮ ಕೊಯ್ದು ಒಳಗ ಬೆಳ್ಳುಳ್ಳಿ ಎಸಳು ಇಡೋದು! 1600ರ ದಶಕಗಳಲ್ಲಿ ಇಂಗ್ಲೆಂಡಿನಲ್ಲಿ ಆನ್ ಕಾನ್ವೇ ಅನ್ನೋ ತತ್ತ್ವಜ್ಞಾನಿ ಇದ್ದಳು. ಹನ್ನೆರಡನೇ ವಯಸ್ಸಿನಿಂದ ತಲೆನೋವು. ರಕ್ತ ಸಂಚಾರ ಹೇಗೆ ಆಗ್ತದ ಅಂತ ಜಗತ್ತಿಗೆ ತೋರಿಸಿದ ವಿಲಿಯಂ ಹಾರ್ವಿಯೇ ಆಕೆಗೆ ತಲೆಬುರುಡೆ ಕೊರೆಸೋ ಯೋಚನೆ ಹೇಳಿದ್ದ. ಅದಕ್ಕಂತ 1656ರಲ್ಲಿ ಫ್ರಾನ್ಸಿಗೆ ಹೋದಳು. ಅಲ್ಲಿ ಬುರುಡೆ ಕೊರೆಯಲಿಲ್ಲ, ಬದಲಿಗೆ ರಕ್ತನಾಳ ಕೊಯ್ದರು. 1679ರಲ್ಲಿ ತೀರಿಕೊಳ್ಳೋ ತನಕ ನೋವು ಹೋಗಲಿಲ್ಲ.

ಹಾರ್ವಿಯಂಥವನ ಕೈಯಾಗೂ ಔಷಧ ಇರಲಿಲ್ಲ. ಔಷಧ ಇಲ್ಲದ ಕಾಲದಾಗ ಏನಾದ್ರೂ ಮಾಡಲೇಬೇಕು ಅನ್ನೋ ಸಂಕಟ ದೊಡ್ಡವರಿಗೂ ಇತ್ತು, ದೇವದುರ್ಗದವರಿಗೂ ಇತ್ತು. ಅಜ್ಜಿಯ ಮನೆಯವರ ಮೇಲಿನ ನನ್ನ ಸಿಟ್ಟು ಅರ್ಧ ಇಳೀತು. ಈಗ ಔಷಧ ಅದ. ಈಗಲೂ ಯಾರಾದ್ರೂ ಬರೆ ಹಾಕಿಸೋಣ ಅಂದ್ರೆ ಮಾತ್ರ ಒಪ್ಪಬ್ಯಾಡ್ರಿ.

ಭಾಗ 4/9

ಫೋಟೋ: ಮಾನ್ವಿ. ನಮ್ಮ ಅವ್ವನ ತವರು.

ಮಾನ್ವಿಯಲ್ಲಿ ಬೆಳೆದವರಿಗೆಲ್ಲ ಈ ಐತಿಹ್ಯ ಗೊತ್ತಿರ್ತದ. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು (1728-1809) ಮಾನ್ವಿ ತಾಲ್ಲೂಕಿನ ಬ್ಯಾಗವಾಟದವರು. ಮೊದಲು ಶ್ರೀನಿವಾಸಾಚಾರ್ಯ ಅನ್ನೋ ದೊಡ್ಡ ಸಂಸ್ಕೃತ ಪಂಡಿತರು. ಅದೇ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದಾಗ, ಕನ್ನಡದಾಗ ಹಾಡೋ ದಾಸರ ಮನೆಗೆ ಏನು ಹೋಗೋದು ಅಂತ ಹೊಟ್ಟೆನೋವಿನ ನೆಪ ಹೇಳಿದರಂತೆ. ಆಮೇಲೆ ನಿಜವಾದ ಹೊಟ್ಟೆನೋವೇ ಹಿಡೀತು, ಯಾವ ಮದ್ದಿಗೂ ಬಗ್ಗಲಿಲ್ಲ. ಕೊನೆಗೆ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಕೊಟ್ಟು ಉಳಿಸಿದರು ಅನ್ನೋದು ಕಥೆ.

ಇದನ್ನ ಭಕ್ತಿಯಿಂದ ನಂಬೋರು ನಂಬ್ತಾರ. ನಾನು ಬೇರೆ ಕಾರಣಕ್ಕ ಹೇಳ್ತಿದೀನಿ. ಈ ಕಥೆಯಲ್ಲಿ ಎರಡು ವಿಷಯ ಅವ. ಒಂದು, ಕಾಣದ ನೋವನ್ನ ನೆಪ ಮಾಡೋದು ಸುಲಭ. ಆವತ್ತೂ ಮಾಡ್ತಿದ್ರು, ಇವತ್ತೂ ಮಾಡ್ತಾರ. ಅದಕ್ಕೇ ನಿಜವಾಗಿ ನೋವಿದ್ದವರನ್ನೂ ಜನ ಅನುಮಾನದಿಂದ ನೋಡ್ತಾರ. ಕೈ ಮುರಿದ್ರೆ ಪ್ಲಾಸ್ಟರ್ ಕಾಣ್ತದ. ಜ್ವರ ಬಂದ್ರೆ ಮೈ ಸುಡ್ತದ. ತಲಿನೋವಿಗೆ ಸಾಕ್ಷಿ ಎಲ್ಲಿಂದ ತರೋದು? ಪಿಯುಸಿಯಲ್ಲಿದ್ದಾಗ ಟೆಸ್ಟ್ ದಿನ ನೋವು ಬಂದು ರಜೆ ಕೇಳಿದ್ರೆ, "ಟೆಸ್ಟ್ ದಿನಾನೇ ಬರ್ತದೇನು ನಿನ್ನ ತಲಿನೋವು?" ಅಂತ ಕೇಳಿದ್ರು. ಹೌದ್ರಿ, ಟೆಸ್ಟ್ ದಿನಾನೇ ಬರ್ತದ. ನಿದ್ದೆ ಕೆಟ್ಟು, ಊಟ ಬಿಟ್ಟು ಓದಿದ ಮೇಲೆ ಅದು ಬರೋದೇ. ಅದು ಕಳ್ಳಾಟ ಅಲ್ಲ, ರೋಗದ ಲಕ್ಷಣ.

ಎರಡನೇದು, ಆ ಕಥೆಯಲ್ಲಿ ನೆಪ ಹೇಳಿದವರನ್ನೂ ನೋವು ಬಂದ ಮೇಲೆ ಯಾರೂ ಕೈ ಬಿಡಲಿಲ್ಲ. ನನಗ ಬಾಳ ಇಷ್ಟವಾದ ಭಾಗ ಇದು.

ಭಾಗ 5/9

ಫೋಟೋ: ರಾಯಚೂರು ಕೋಟೆ, ಸಂಜಿ ಹೊತ್ತು. (ಮಧ್ಯಾಹ್ನ ಹೋಗೋ ಧೈರ್ಯ ನನಗಿಲ್ಲ.)

1520ರಲ್ಲಿ ಈ ಕೋಟೆಗಾಗಿ ಕೃಷ್ಣದೇವರಾಯ ಮತ್ತು ಇಸ್ಮಾಯಿಲ್ ಆದಿಲ್ ಶಾಹ ಹೊಡೆದಾಡಿದ್ದು ಗೊತ್ತಲ್ಲ. ಆ ಯುದ್ಧದ ಬಗ್ಗೆ ಬರೆದವರಲ್ಲಿ ಫಿರಿಷ್ತಾ ಒಬ್ಬ. ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ ಬಿಜಾಪುರದ ಆಸ್ಥಾನದಲ್ಲಿದ್ದ. ನಮ್ಮ ಪಠ್ಯದಾಗ ಇಷ್ಟೇ ಇರ್ತದ. ಅದೇ ಫಿರಿಷ್ತಾ ವೈದ್ಯದ ಪುಸ್ತಕವನ್ನೂ ಬರೆದಾನ, ಗೊತ್ತಾ? ದಸ್ತೂರ್-ಉಲ್-ಅತಿಬ್ಬಾ ಅಂತ. ಆಯುರ್ವೇದದ ತಿಳಿವನ್ನ ಪಾರ್ಸಿಯಲ್ಲಿ ಹೇಳೋ ಪುಸ್ತಕ ಅದು. ಯುನಾನಿ ಹಕೀಮರು, ಆಯುರ್ವೇದದ ವೈದ್ಯರು ಒಬ್ಬರಿಂದ ಒಬ್ಬರು ಕಲಿತ ನೆಲ ಇದು.

ಆಮೇಲೆ ರಾಯಚೂರು ನಿಜಾಮರ ಹೈದರಾಬಾದಿಗೆ ಸೇರಿತು. ಆ ಕಾಲದ ಒಂದು ವಸ್ತು ಇವತ್ತಿಗೂ ನಮ್ಮ ಮನೆಗಳಲ್ಲಿ ಅದ: ಜಿಂದಾ ತಿಲಿಸ್ಮಾತ್. 1920ರಲ್ಲಿ ಹೈದರಾಬಾದಿನ ಹಕೀಮ್ ಮೊಯಿಜುದ್ದೀನ್ ಫಾರೂಖಿ ಶುರು ಮಾಡಿದ್ದು. ಅದಕ್ಕೂ ಮೊದಲು, 1893ರಲ್ಲಿ, ತೆಲುಗಿನ ಕಾಶೀನಾಥುನಿ ನಾಗೇಶ್ವರರಾವ್ ಮುಂಬೈಯಲ್ಲಿ ಅಮೃತಾಂಜನ ಶುರು ಮಾಡಿದ್ದರು. ಅಜ್ಜಿಯ ಗೂಡಿನಾಗ ಇವೆರಡೂ ಜೋಡಿಯಾಗಿ ಇರ್ತಾವ. ನೀಲಗಿರಿ ಎಣ್ಣೆ, ಕರ್ಪೂರ, ಮೆಂಥಾಲ್ ಇಂಥವು ಚರ್ಮಕ್ಕೆ ತಂಪು ಕೊಡ್ತಾವ, ಒಂದಿಷ್ಟು ಹೊತ್ತು ಹಾಯೆನಿಸ್ತದ. ಮೈಗ್ರೇನಿನ ಬುಡಕ್ಕೆ ಅವು ಮುಟ್ಟೋದಿಲ್ಲ. ಕೆಲವರಿಗೆ ಘಾಟು ವಾಸನೆಯೇ ನೋವು ಎಬ್ಬಿಸ್ತದ. ನನಗಂತೂ ಹಂಗೇ.

ಅಜ್ಜಿ ಹೇಳೋ ಇನ್ನೊಂದು ಮಾತು: "ತಲಿ ಎರಕೊಂಡ ದಿನ ಬರ್ತದ ನೋಡು." ನಾವು ನಗ್ತಿದ್ವಿ. 2006ರಲ್ಲಿ ಮುಂಬೈನ ವೈದ್ಯ ಕೆ. ರವಿಶಂಕರ್ ತಲೆಸ್ನಾನದಿಂದ ಮೈಗ್ರೇನ್ ಬರೋ 94 ಭಾರತೀಯ ರೋಗಿಗಳ ಬಗ್ಗೆ ತಲೆನೋವಿನ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದರು. ಅಜ್ಜಿ ಗೆದ್ದಳು.

ಭಾಗ 6/9

ಫೋಟೋ: ಸಜ್ಜೆ ತೆನೆ. ಮಾಮನ ಹೊಲ.

ಮಳೆ ಹಿಡಿದ ವರ್ಷ ಸಜ್ಜೆಯ ಹೂ ಬಿಡೋ ಹೊತ್ತಿಗೆ ತೆನೆಯಿಂದ ಜೇನಿನಂಥ ಅಂಟು ಸೋರ್ತದ. ಆಮೇಲೆ ಕಾಳಿನ ಜಾಗದಾಗ ಕಪ್ಪನೆಯ ಗಟ್ಟಿ ಕೊಂಬು ಬೆಳೀತಾವ. ಅದು ಎರ್ಗಟ್ ಅನ್ನೋ ಶಿಲೀಂಧ್ರ. ಆ ಕಾಳು ತಿಂದ್ರೆ ವಾಂತಿ, ತಲೆಸುತ್ತು, ಮಂಪರು ಬರ್ತದ. ಹಳಬರು ಉಪ್ಪುನೀರಿನಾಗ ಕಾಳು ಹಾಕಿ ತೇಲಿದ್ದನ್ನ ತೆಗೆದು ಬಿತ್ತೋದು ಅದಕ್ಕೇ.

ಇದರ ಅಣ್ಣತಮ್ಮ ಯುರೋಪಿನ ರೈ ಬೆಳೆಯಲ್ಲಿ ಅದ. ಆ ರೊಟ್ಟಿ ತಿಂದ ಊರಿಗೂರೇ ಕೈಕಾಲು ಕೊಳೆತು ಸಾಯ್ತಿತ್ತು. ಅದು ರಕ್ತನಾಳಗಳನ್ನ ಬಿಗಿ ಮಾಡ್ತದ. ಆ ವಿಷದಿಂದಲೇ 1918ರಲ್ಲಿ ಸ್ವಿಟ್ಜರ್ಲೆಂಡಿನ ಆರ್ಥರ್ ಸ್ಟಾಲ್ ಎರ್ಗಟಮೈನ್ ಬೇರ್ಪಡಿಸಿದ. 1920ರ ದಶಕದಲ್ಲಿ ಅದನ್ನ ಮೈಗ್ರೇನಿಗೆ ಕೊಟ್ಟು ನೋಡಿದ್ರು, ಹಲವರಿಗೆ ನೋವು ನಿಂತಿತು. 1938ರಲ್ಲಿ ಅಮೆರಿಕದ ಗ್ರಹಾಂ ಮತ್ತು ವುಲ್ಫ್, ಔಷಧ ಕೊಟ್ಟಾಗ ಕಣತಲೆಯ ನಾಳದ ಮಿಡಿತ ಕಡಿಮೆಯಾದಂಗ ನೋವೂ ಇಳಿಯೋದನ್ನ ಅಳೆದು ತೋರಿಸಿದರು. ಈ ರೋಗವನ್ನ ಉಪಕರಣ ಇಟ್ಟು ಅಳೆದ ಮೊದಲಿನ ಕೆಲಸಗಳಲ್ಲಿ ಅದೊಂದು.

(ಹೊಲದ ಎರ್ಗಟ್ ಔಷಧ ಅಲ್ಲ, ವಿಷ. ಯಾರೂ ಪ್ರಯೋಗಕ್ಕೆ ಇಳೀಬ್ಯಾಡ್ರಿ ಮಾರಾಯ್ರೇ.)

ಆದ್ರೆ ಬೇಗನೇ ಒಂದು ವಿಚಿತ್ರ ಕಂಡಿತು. ಎರ್ಗಟಮೈನ್ ಮತ್ತೆ ಮತ್ತೆ ತಗೊಂಡವರಿಗೆ ತಲೆನೋವು ದಿನಾ ಬರೋದಕ್ಕೆ ಶುರುವಾಯ್ತು. 1951ರಲ್ಲಿ ಅಮೆರಿಕದ ಪೀಟರ್ಸ್ ಮತ್ತು ಹಾರ್ಟನ್ ಇದನ್ನ ಬರೆದಿಟ್ಟರು. ನೋವಿನ ಔಷಧವೇ ನೋವಿಗೆ ಕಾರಣ ಆಗೋದು! ನಾನು ಇದನ್ನ ಓದೋ ಹೊತ್ತಿಗೆ ತಡ ಆಗಿತ್ತು.

ಭಾಗ 7/9

ಫೋಟೋ: ಖಾಲಿ ಮಾತ್ರೆ ಪಟ್ಟಿಗಳು. ಒಂದು ತಿಂಗಳಿನವು.

ಇದು ನನ್ನ ಭಾಗ. ಬರಿಯೋದಕ್ಕ ನಾಚಿಕೆ ಆಗ್ತದ, ಆದ್ರೂ ಬರೀತೀನಿ.

ಡಿಗ್ರಿಗೆ ರಾಯಚೂರಿಗೆ ಬಂದ ಮೇಲೆ ತಲಿನೋವು ಜಾಸ್ತಿ ಆಯ್ತು. ಔಷಧಿ ಅಂಗಡಿಯಾಗ "ತಲಿನೋವಿನ ಗುಳಿಗಿ ಕೊಡ್ರಿ" ಅಂದ್ರೆ ಕೊಡ್ತಿದ್ರು, ಯಾರೂ ಏನೂ ಕೇಳ್ತಿರಲಿಲ್ಲ. ಮೊದಲು ವಾರಕ್ಕೊಂದು. ಆಮೇಲೆ ಎರಡು ದಿನಕ್ಕೊಂದು. ಸೆಮಿಸ್ಟರ್ ಪರೀಕ್ಷೆ ಹೊತ್ತಿಗೆ ದಿನಾ ಒಂದು, ಕೆಲವು ದಿನ ಎರಡು. ಬೆಳಿಗ್ಗೆ ಎದ್ದ ಕೂಡಲೇ ನೋವು, ಗುಳಿಗಿ ನುಂಗಿದ್ರೆ ಮಧ್ಯಾಹ್ನದ ತನಕ ಬಿಡುವು, ಮತ್ತೆ ನೋವು. ಬ್ರೇನ್ ಟ್ಯೂಮರ್ ಇರಬೇಕು ಅಂತ ರಾತ್ರಿ ಅತ್ತೀನಿ. ಮನೆಯಾಗ ಹೇಳಿರಲಿಲ್ಲ.

ಕೊನೆಗೆ ಅಪ್ಪ ನರರೋಗ ತಜ್ಞರ ಹತ್ರ ಕರ್ಕೊಂಡು ಹೋದ. ಅವರು ಮೊದಲು ಕೇಳಿದ್ದು: "ತಿಂಗಳಿಗೆ ಎಷ್ಟು ಗುಳಿಗಿ?" ಲೆಕ್ಕ ಹಾಕಿದೆ. ಅಪ್ಪ ನನ್ನ ಮುಖ ನೋಡಿದ.

ಲೆಕ್ಕ ಹಿಂಗದ, ನೆನಪಿಟ್ಕೊಳ್ರಿ. ತಿಂಗಳಿಗೆ 15 ದಿನ ಅಥವಾ ಹೆಚ್ಚು ತಲೆನೋವು ಮೂರು ತಿಂಗಳಿಗಿಂತ ಹೆಚ್ಚು ಕಾಲ ಇದ್ದು, ಅದರಾಗ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣ ಇದ್ರೆ ಅದನ್ನ ದೀರ್ಘಕಾಲದ ಮೈಗ್ರೇನ್ ಅಂತಾರ. ಪ್ಯಾರಾಸಿಟಮಾಲ್‌ನಂಥ ಸಾದಾ ಮಾತ್ರೆಯನ್ನ ತಿಂಗಳಿಗೆ 15 ದಿನ, ಬೇರೆ ಬೇರೆ ಔಷಧ ಸೇರಿಸಿ ಮಾಡಿದ ಮಾತ್ರೆಯನ್ನ 10 ದಿನ, ಹಿಂಗೇ ಮೂರು ತಿಂಗಳಿಗಿಂತ ಹೆಚ್ಚು ತಗೊಂಡ್ರೆ ಮಾತ್ರೆಯಿಂದಲೇ ತಲೆನೋವು ಬರೋ ಸ್ಥಿತಿ ಆಗಬಹುದು. ನಾನು ಎರಡೂ ಗೆರೆ ದಾಟಿದ್ದೆ.

ವೈದ್ಯರ ಮಾತಿನಂತೆ ಗುಳಿಗಿ ನಿಲ್ಲಿಸಿದೆ. ಮೊದಲ ಎರಡು ವಾರ ನರಕ. ಅವ್ವ ಮಾನ್ವಿಯಿಂದ ಬಂದು ನನ್ನ ಜೊತೆ ಇದ್ದಳು. ಮೂರನೇ ವಾರ ಒಂದು ಬೆಳಿಗ್ಗೆ ನೋವಿಲ್ಲದೆ ಎದ್ದೆ. ಎಷ್ಟು ತಿಂಗಳಾದ ಮೇಲೆ! ಸುಮ್ಮನೆ ಕಿಟಕಿ ತೆರೆದು ಬಿಸಿಲು ನೋಡಿದೆ.

ಭಾಗ 8/9

ಫೋಟೋ: ನನ್ನ ತಲೆನೋವಿನ ಡೈರಿ.

ನನಗೆ ದಿನಾ ತಗೊಳ್ಳೋ ಒಂದು ಮಾತ್ರೆ ಬರೆದರು: ಪ್ರೊಪ್ರನಲಾಲ್. ಅಪ್ಪ ಮೊಬೈಲ್‌ನಾಗ ಹುಡುಕಿ ಗಾಬರಿ ಆದ. "ಇದು ಹಾರ್ಟಿಂದು! ಇವಳಿಗೇನಾಗ್ಯದ?" ಅದರ ಕಥೆ ಹಿಂಗದ. ಜೇಮ್ಸ್ ಬ್ಲ್ಯಾಕ್ ಅನ್ನೋ ಸ್ಕಾಟಿಷ್ ವಿಜ್ಞಾನಿ 1960ರ ದಶಕದಲ್ಲಿ ಎದೆನೋವಿಗೆ ಅಂತ ಇದನ್ನ ತಯಾರಿಸಿದ. 1988ರಲ್ಲಿ ನೊಬೆಲ್ ಬಂತು. ಎದೆನೋವಿಗೆ ತಗೊಂಡ ಕೆಲವರ ಮೈಗ್ರೇನ್ ಕಡಿಮೆಯಾಗಿದ್ದು 1966ರಲ್ಲಿ ಗಮನಕ್ಕೆ ಬಂತು. ಆಕಸ್ಮಿಕ! ಖಿನ್ನತೆಯ ಅಮಿಟ್ರಿಪ್ಟಿಲಿನ್, ಅಪಸ್ಮಾರದ ಟೋಪಿರಮೇಟ್ ಕೂಡ ಹಿಂಗೇ ಬೇರೆ ರೋಗಕ್ಕೆ ಹುಟ್ಟಿ ಮೈಗ್ರೇನ್ ತಡೆಯೋದಕ್ಕೆ ಬಂದವು. ಯಾರಿಗೆ ಯಾವುದು ಅನ್ನೋದು ವೈದ್ಯರ ಕೆಲಸ. ದಮ್ಮು ಇದ್ದವರಿಗೆ ಪ್ರೊಪ್ರನಲಾಲ್ ಆಗೋದಿಲ್ಲ, ಗರ್ಭಿಣಿಯರಿಗೆ ಕೆಲವು ಔಷಧ ಅಪಾಯ. ನನ್ನ ಚೀಟಿ ನಿಮ್ಮ ಚೀಟಿ ಅಲ್ಲ.

ಮೈಗ್ರೇನಿಗೆ ಅಂತಲೇ ಹುಡುಕಿ ಮಾಡಿದ್ದು ಟ್ರಿಪ್ಟಾನ್. ಪ್ಯಾಟ್ರಿಕ್ ಹಂಫ್ರಿಯ ತಂಡ ತಯಾರಿಸಿದ ಸುಮಾಟ್ರಿಪ್ಟಾನ್ 1991ರಲ್ಲಿ ಬಳಕೆಗೆ ಬಂತು. ಇದು ನೋವು ಬಂದಾಗ ತಗೊಳ್ಳೋದು, ಹೃದಯದ ತೊಂದರೆ ಇದ್ದವರಿಗೆ ಅಲ್ಲ. 1990ರ ಹೊತ್ತಿಗೆ ಎಡ್ವಿನ್ಸನ್ ಮತ್ತು ಗೋಡ್ಸ್‌ಬಿ, ಮೈಗ್ರೇನ್ ಬಂದಾಗ ಸಿಜಿಆರ್‌ಪಿ ಅನ್ನೋ ಅಣು ರಕ್ತದಲ್ಲಿ ಏರ್ತದ ಅಂತ ತೋರಿಸಿದ್ರು. ಅದನ್ನ ತಡೆಯೋ ಮೊದಲ ಚುಚ್ಚುಮದ್ದಿಗೆ 2018ರಲ್ಲಿ ಅಮೆರಿಕದಾಗ ಒಪ್ಪಿಗೆ ಸಿಕ್ಕಿತು. ಅವರಿಬ್ಬರ ಜೊತೆ ಮಾಸ್ಕೊವಿಟ್ಜ್, ಓಲೆಸನ್ ಸೇರಿ ನಾಲ್ವರಿಗೆ 2021ರ ಬ್ರೇನ್ ಪ್ರೈಜ್ ಬಂತು. ನಮ್ಮಂಥವರ ಕೈಗೆ ಆ ಚುಚ್ಚುಮದ್ದಿನ ಬೆಲೆ ಇನ್ನೂ ಎಟುಕೋದಿಲ್ಲ.

ನನಗೆ ಉಪಯೋಗ ಆದದ್ದು ಹಳೆಯ ಸೋವಿ ಮಾತ್ರೆ ಮತ್ತು ಈ ಡೈರಿ. ಮೊದಲ ತಿಂಗಳ ಪುಟದಾಗ 18 ದಿನ ಕೆಂಪು ಚುಕ್ಕಿ. ಆರನೇ ತಿಂಗಳಿನಾಗ 5. ಪೂರ್ತಿ ಹೋಗಿಲ್ಲ, ಹೋಗ್ತದ ಅಂತ ವೈದ್ಯರೂ ಹೇಳಿಲ್ಲ. ಹೊತ್ತಿಗೆ ನಿದ್ದೆ, ಹೊತ್ತಿಗೆ ಊಟ, ನೀರು, ಬಿಸಿಲಿಗೆ ತಲಿ ಮೇಲೆ ಬಟ್ಟೆ. ಇಷ್ಟೇ.

ಭಾಗ 9/9

ಫೋಟೋ: ದೇವದುರ್ಗದ ಬಸ್ ಸ್ಟ್ಯಾಂಡ್, ಬೆಳಿಗ್ಗೆ.

ನಾವೆಷ್ಟು ಜನ ಇದೀವಿ? 2009-10ರಲ್ಲಿ ನಿಮ್ಹಾನ್ಸ್‌ನ ಡಾ. ಗುರುರಾಜ್ ಮತ್ತವರ ಸಂಗಡಿಗರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವರ್ಷದ 2,329 ಜನರನ್ನ ಕೇಳಿದ್ರು. ಒಂದು ವರ್ಷದೊಳಗ ಮೈಗ್ರೇನ್ ಬಂದವರು ಶೇ 25.2. ನಾಲ್ಕರಲ್ಲಿ ಒಬ್ಬರು! ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಇದು ಪಟ್ಟಣದ ಸೂಕ್ಷ್ಮ ಹುಡುಗೀರ ರೋಗ ಅನ್ನೋರಿಗೆ ಇದನ್ನ ತೋರಿಸ್ರಿ. ನಮ್ಮ ಕ್ಲಾಸಿನಾಗ ಅರವತ್ತು ಮಂದಿ. ಲೆಕ್ಕ ನೀವೇ ಹಾಕ್ರಿ.

2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ಶುರು ಮಾಡಿತು. ಮೊದಲು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರ, ಆಮೇಲೆ ಬೇರೆ ಜಿಲ್ಲೆಗಳಿಗೂ. ಪಾರ್ಶ್ವವಾಯು, ಅಪಸ್ಮಾರ, ಮರೆಗುಳಿತನದ ಜೊತೆ ತಲೆನೋವನ್ನೂ ಅದರಾಗ ಸೇರಿಸ್ಯಾರ. ಸರ್ಕಾರಿ ಆಸ್ಪತ್ರೆಗೆ ಹೋದಾಗ ಬ್ರೇನ್ ಹೆಲ್ತ್ ಕ್ಲಿನಿಕ್ ಎಲ್ಲಿ ಅಂತ ಕೇಳ್ರಿ. ಕೇಳೋದು ನಮ್ಮ ಹಕ್ಕು. 2022ರ ಮೇ ತಿಂಗಳಿನಿಂದ ರಾಯಚೂರಿಗೆ ಏಮ್ಸ್ ಬೇಕು ಅಂತ ಜನ ಧರಣಿ ಕೂತದ್ದು ನಿಮಗೆ ಗೊತ್ತು. ಅದು ನನಗೆ ದೊಡ್ಡ ಘೋಷಣೆ ಅನಿಸೋದಿಲ್ಲ. ತಲಿನೋವಿನ ಹುಡುಗಿ ಬಸ್ಸು ಹತ್ತಿ ಎಷ್ಟು ದೂರ ಹೋಗಬೇಕು ಅನ್ನೋ ಪ್ರಶ್ನೆ ಅದು.

ಇವು ಕಂಡ್ರೆ ತಡ ಮಾಡಬ್ಯಾಡ್ರಿ, ಆಸ್ಪತ್ರೆಗೆ ಓಡ್ರಿ: ಜೀವನದಾಗೇ ಕಾಣದಂಥ ನೋವು ಸಿಡಿಲಿನಂಗ ಬಂದ್ರೆ, ಜ್ವರದ ಜೊತೆ ಕುತ್ತಿಗೆ ಬಿಗಿದ್ರೆ, ಕೈಕಾಲು ಸೋತ್ರೆ, ಮಾತು ತೊದಲಿದ್ರೆ, ಫಿಟ್ಸ್ ಬಂದ್ರೆ, ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಬಂದ್ರೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ್ರೆ.

ಹೋದ ಭಾನುವಾರ ಈ ಎಲ್ಲ ಭಾಗ ಅಜ್ಜಿಗೆ ಓದಿ ಹೇಳಿದೆ. ಬೆಳ್ಳುಳ್ಳಿ ಇಡೋದು ಕೇಳಿ ನಕ್ಕಳು. ಕಾನ್ವೇಯ ಕಥೆ ಕೇಳಿ "ಪಾಪ" ಅಂದಳು. ವಯಸ್ಸಾದ ಮೇಲೆ ಅಜ್ಜಿಗೆ ನೋವು ತಾನಾಗಿ ಕಡಿಮೆಯಾಗ್ಯದ, ಬಾಳ ಮಂದಿಗೆ ಹಂಗೇ ಆಗ್ತದಂತೆ. "ನಿನಗ ಎಷ್ಟು ವರ್ಷ ಇತ್ತು?" ಅಂತ ಕೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿದಳು. "ಮೂವತ್ತು ವರ್ಷದ ಮ್ಯಾಲೆ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಇಷ್ಟು ದಿನ ಯಾರೂ ಕೇಳಿರಲಿಲ್ಲ" ಅಂದಳು.

ನಿಮ್ಮ ಮನೆಯಾಗೂ ಒಮ್ಮೆ ಕೇಳ್ರಿ. ಅಜ್ಜಿನ್ನ, ಅವ್ವನ್ನ, ಕ್ಲಾಸಿನ ಕೊನೆಯ ಬೆಂಚಿನಾಗ ಕಣ್ಣು ಮುಚ್ಚಿ ಕೂತವರನ್ನ. ಅವರು ಏನಂದ್ರು ಅಂತ ಕೆಳಗ ಬರೀರಿ, ನಾನು ಓದ್ತೀನಿ.

#ಅರೆತಲೆನೋವು #ಮೈಗ್ರೇನ್ #ರಾಯಚೂರು #ದೇವದುರ್ಗ #ಮಾನ್ವಿ #ನಮ್ಮೂರ_ಇತಿಹಾಸ